ಅಂಗಳಕ್ಕೆ ಬಂದ ಮೊಲ

ಬೇಟೆಯಾಡಿ ತಂದ ಮೊಲದ ಶವಕ್ಕೆ ಅಷ್ಟಿಷ್ಟು ಹಣವನ್ನಾದರೂ ಕೊಡುವವರುಂಟು, ರಾಜ್ಯವಾಳಿದ ಅರಸನ ಶವಕ್ಕೆ ಅದೂ ಇಲ್ಲ ಎಂಬ ಭಾವದ ವಚನವೊಂದು ಬಸವಣ್ಣನವರಲ್ಲಿದೆ. ನರನ ದೇಹಾಭಿಮಾನವನ್ನು ಇಳಿಸುವುದಕ್ಕಾಗಿ ಆಡಿದ ಮಾತದು. ಮೊಲದ ವಿಷಯವಾಗಿ ಆಡಿದುದಲ್ಲ. ಆದರೂ ಅದನ್ನು ಓದಿದ ಭಕ್ತನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದಿರದು. ಸತ್ತ ಮೊಲದ ಬೆಲೆಯನ್ನು ಸಂತೆಯು ನಿರ್ಣಯಿಸಿತು. ಬದುಕಿರುವ ಮೊಲವು ಕರೆಯದೆಯೇ ಮನೆಯಂಗಳಕ್ಕೆ ಬಂದು ನಿಂತರೆ, ಅದರ ಬೆಲೆಯನ್ನು ಯಾರು ನಿರ್ಣಯಿಸಬೇಕು?

ಬಯಲುಸೀಮೆಯಲ್ಲಿ ಹೊಲದ ಮನೆ ಮಾಡಿಕೊಂಡಿರುವವರಿಗೆ ಈ ಅತಿಥಿಯು ಅಪರಿಚಿತನಲ್ಲ. ಗೂಡಿನಲ್ಲಿಟ್ಟು ಸಾಕುವ ಬಿಳಿಯ ಮೊಲವೇ ಬೇರೆ, ಈ ನಾಡಿನ ಕಾಡುಮೊಲವೇ ಬೇರೆ. ಅದು ನೆಲವನ್ನು ತೋಡಿ ಬಿಲದೊಳಗೆ ಈಯುವ ಪರದೇಶದ ಜಾತಿ. ಅದರ ಮರಿಗಳು ಹುಟ್ಟುವಾಗ ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ಕೂದಲಿರುವುದಿಲ್ಲ. ಕಾಡುಮೊಲಕ್ಕೆ ಬಿಲವೆಂಬುದೇ ಇಲ್ಲ. ಹುಲ್ಲಿನ ಮರೆಯಲ್ಲಿ ತನ್ನ ಮೈಯ ಅಳತೆಗೆ ಒಂದು ತಗ್ಗು ಮಾಡಿಕೊಂಡು, ಕಿವಿಗಳನ್ನು ಬೆನ್ನಿಗೊರಗಿಸಿ, ಹಗಲನ್ನೆಲ್ಲ ಅಲ್ಲಿಯೇ ಕಳೆಯುತ್ತದೆ. ಮನುಷ್ಯನ ಹೆಜ್ಜೆ ತೀರ ಸಮೀಪಿಸುವವರೆಗೂ ಕದಲದು. ಹೊತ್ತು ಮುಳುಗಿದ ಮೇಲೆ ಎದ್ದು ಬದುವಿನ ಗರಿಕೆಯನ್ನು ಮೇಯುತ್ತ ಮೇಯುತ್ತ ಅಂಗಳದ ಅಂಚಿಗೆ ಬರುತ್ತದೆ. ನಸುಬೆಳಕಿನಲ್ಲಿ ಅದರ ಕತ್ತಿನ ಹಿಂಬದಿಯ ಕಪ್ಪು ಮಚ್ಚೆಯು ಕಂಡೂ ಕಾಣದಂತಿರುತ್ತದೆ.

ಆ ಹೊತ್ತೇ ಇಷ್ಟಲಿಂಗಪೂಜೆಯ ಹೊತ್ತೂ ಹೌದು. ಪೂಜೆಗೆ ಕುಳಿತ ಗೃಹಸ್ಥನ ದೃಷ್ಟಿಯು ಕರಸ್ಥಲವನ್ನು ಬಿಟ್ಟು ಬಾಗಿಲಾಚೆಯ ಮೊಲದ ಕಡೆಗೆ ಹರಿಯಿತೆನ್ನೋಣ. ಅದು ಚಿತ್ತಚಾಂಚಲ್ಯವೆ? ನಿಷ್ಠುರರಾದವರು ಹೌದೆನ್ನಬಹುದು, ಪೂಜೆಯ ಕಾಲದಲ್ಲಿ ಅವರ ಮಾತನ್ನು ತೆಗೆದುಹಾಕುವಂತೆಯೂ ಇಲ್ಲ. ಆದರೆ ಪೂಜೆಯನ್ನು ಮುಗಿಸಿ ಜಗಲಿಗೆ ಬಂದು ಕುಳಿತವನು ಆ ಪ್ರಾಣಿಯನ್ನು ಕಂಡು ಹಿಗ್ಗಿದರೆ ಅದನ್ನು ವಿಷಯಸುಖವೆಂದು ಹಳಿಯುವುದು ಶರಣರ ದೃಷ್ಟಿಯಲ್ಲ. ಅಲ್ಲಮಪ್ರಭುಗಳು ಮಾಯೆಯನ್ನು ಹೊರಗಿನ ವಸ್ತುವಿನಲ್ಲಿ ಕಾಣಲಿಲ್ಲ, ಮನಸ್ಸಿನ ಬಯಕೆಯಲ್ಲಿ ಕಂಡರು. ಷಟ್‌ಸ್ಥಲಶಾಸ್ತ್ರವಂತೂ ಕಣ್ಣನ್ನು ಕಟ್ಟಿಕೊಳ್ಳಬೇಕೆಂದು ವಿಧಿಸುವುದಿಲ್ಲ. ನಾಸಿಕದ ಗಂಧವು ಆಚಾರಲಿಂಗಕ್ಕೆ, ನಾಲಿಗೆಯ ರುಚಿಯು ಗುರುಲಿಂಗಕ್ಕೆ, ಕಣ್ಣಿನ ರೂಪವು ಶಿವಲಿಂಗಕ್ಕೆ, ಚರ್ಮದ ಸ್ಪರ್ಶವು ಜಂಗಮಲಿಂಗಕ್ಕೆ, ಕಿವಿಯ ಶಬ್ದವು ಪ್ರಸಾದಲಿಂಗಕ್ಕೆ, ಹೃದಯದ ತೃಪ್ತಿಯು ಮಹಾಲಿಂಗಕ್ಕೆ ಅರ್ಪಿತವಾಗಬೇಕೆಂದು ಅದು ಹೇಳುತ್ತದೆ. ಕಂಡ ರೂಪವನ್ನು ಶಿವಲಿಂಗಕ್ಕೆ ಒಪ್ಪಿಸಿ ಪಡೆದವನಿಗೆ ಆ ನೋಟವೇ ಪ್ರಸಾದ. ಶಿವನಿಗೆ ಶಶಿಶೇಖರನೆಂಬ ಹೆಸರಿದೆ, ಶಶವೆಂದರೆ ಮೊಲ. ಚಂದ್ರನ ಕಲೆಯಲ್ಲಿ ಮೊಲವನ್ನು ಕಂಡು ಆ ಚಂದ್ರನನ್ನು ಶಿವನ ಮುಡಿಗೇರಿಸಿದ ಹಿರಿಯರಿಗೆ ಈ ಪ್ರಾಣಿಯ ಮೇಲೆ ತಾತ್ಸಾರವಿದ್ದಿತೆಂದು ಹೇಳಲಾಗದು.

ತೊಡಕು ಹುಟ್ಟುವುದು ಕಣ್ಣಿನಿಂದಲ್ಲ, ಕೈಯಿಂದ. ಕಂಡದ್ದನ್ನು ಹಿಡಿಯಬೇಕು, ಹಿಡಿದದ್ದನ್ನು ಇಟ್ಟುಕೊಳ್ಳಬೇಕು ಎಂಬ ಚಪಲವು ಅತಿ ಸೂಕ್ಷ್ಮವಾದುದು. ಪ್ರೀತಿಯ ವೇಷದಲ್ಲಿಯೇ ಅದು ಬರುತ್ತದೆ.

ಹೊಲದ ಮನೆಯೊಂದರಲ್ಲಿ ಎಡೆಕುಂಟೆ ಹೊಡೆಯುವ ದಿನಗಳಲ್ಲಿ ಬಾಲಕನೊಬ್ಬನಿಗೆ ಸಾಲಿನ ನಡುವೆ ಮೊಲದ ಮರಿಯೊಂದು ಸಿಕ್ಕಿತು. ಕಣ್ಣು ತೆರೆದಿತ್ತು, ಮೈತುಂಬ ಕೂದಲಿತ್ತು, ಓಡದೆ ಸುಮ್ಮನೆ ಕುಳಿತಿತ್ತು. ತಾಯಿ ತೊರೆದು ಹೋದ ಅನಾಥ ಮರಿಯೆಂದು ಬಗೆದು ಅವನು ಅದನ್ನು ಮಡಿಲಲ್ಲಿ ತಂದನು. ಬುಟ್ಟಿಯಲ್ಲಿ ಅರಳೆ ಹಾಸಿದನು. ಆಕಳ ಹಾಲನ್ನು ಬತ್ತಿಯಿಂದ ಹನಿಹನಿಯಾಗಿ ಕುಡಿಸಿದನು. ರಾತ್ರಿಯೆಲ್ಲ ಬುಟ್ಟಿಯ ಪಕ್ಕದಲ್ಲಿಯೇ ಮಲಗಿದನು. ಮೂರನೆಯ ದಿನ ಮರಿ ಸತ್ತಿತು. ಅಳುತ್ತಿದ್ದ ಅವನನ್ನು ಅಜ್ಜಿಯು ಗದರಿಸಲಿಲ್ಲ. "ತಾಯಿ ಅದನ್ನು ಬಿಟ್ಟು ಹೋಗಿರಲಿಲ್ಲ, ತಮ್ಮಾ. ಹೊತ್ತು ಮುಳುಗುವುದನ್ನು ಕಾಯುತ್ತಿತ್ತು" ಎಂದಳು.

ಅಜ್ಜಿಯ ಮಾತು ನಿಜವಾದುದು. ತಾಯಿಮೊಲವು ಹಗಲಿನಲ್ಲಿ ಮರಿಯ ಬಳಿ ಇರುವುದೇ ಇಲ್ಲ. ತನ್ನ ಸುಳಿವಿನಿಂದ ನರಿ ನಾಯಿಗಳಿಗೆ ಮರಿಯ ಗುರುತು ಹತ್ತಬಾರದೆಂಬಂತೆ ದೂರದಲ್ಲಿದ್ದು, ಕತ್ತಲೆಯಲ್ಲಿ ಬಂದು ಮೊಲೆಯೂಡಿಸಿ ಹೋಗುತ್ತದೆ. ಅದರ ದೂರವೇ ಅದರ ವಾತ್ಸಲ್ಯ. ಬಾಲಕನ ದಯೆಯಲ್ಲಿ ಕಪಟವಿರಲಿಲ್ಲ. ಆದರೆ ಎದುರಿನ ಜೀವದ ರೀತಿಯನ್ನು ಅರಿಯುವಷ್ಟು ಹೊತ್ತು ಆ ದಯೆಯು ಕಾಯಲಿಲ್ಲ.

ಇನ್ನು ಪೈರಿನ ಮಾತು. ಹೆಸರು, ಅಲಸಂದೆ, ಕಡಲೆಯ ಎಳೆಯ ಕುಡಿಗಳೆಂದರೆ ಮೊಲಕ್ಕೆ ಬಲು ಪ್ರೀತಿ. ಎರಡು ಎಕರೆಯನ್ನೇ ನಂಬಿದ ರೈತನಿಗೆ ಇದು ವಿನೋದವಲ್ಲ. ಜಗಲಿಯ ಮೇಲೆ ಕುಳಿತು ಮೊಲದ ಚೆಲುವನ್ನು ಸವಿಯುವವನು ಬೆಳೆ ಕಳೆದುಕೊಂಡವನಿಗೆ ದಯೆಯನ್ನು ಉಪದೇಶಿಸುವುದು ಸುಲಭ, ಶೋಭಿಸುವುದಲ್ಲ. ಜಾಲಿಮುಳ್ಳಿನ ಬೇಲಿಯನ್ನು ಬುಡಕ್ಕೆ ಒತ್ತಾಗಿ ಕಟ್ಟುವುದು, ರಾತ್ರಿ ಕಾವಲಿರುವುದು ರೈತನ ಕಾಯಕಕ್ಕೆ ಸೇರಿದವು, ಅವುಗಳಲ್ಲಿ ದೋಷವಿಲ್ಲ. ಉರುಲು ಒಡ್ಡುವುದು, ನಾಯಿಗಳನ್ನು ಬಿಟ್ಟು ಅಟ್ಟಿಸುವುದು ಬೇರೆ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮೊಲದ ಬೇಟೆಯು ಅಪರಾಧ. ಆದರೆ ಲಿಂಗವನ್ನು ಧರಿಸಿದ ಕೈಯು ಉರುಲನ್ನು ಹೆಣೆಯಬಾರದೆಂಬುದಕ್ಕೆ ಕಾಯಿದೆಯವರೆಗೆ ಹೋಗಬೇಕಾದುದಿಲ್ಲ.

ಆ ಹೊಲದ ಮನೆಯವರು ಹೆಸರಿನ ಸುತ್ತ ಬೇಲಿ ಕಟ್ಟಿದರು. ಬೇಲಿಯ ಹೊರಗಿನ ಬದುವಿನ ಗರಿಕೆಯನ್ನು ಮಾತ್ರ ಕೀಳಿಸದೆ ಬಿಟ್ಟರು. ಬಾಲಕನು ಬಹಳ ದಿನ ಸಂಜೆಯ ಹೊತ್ತು ಹೊರಗೆ ಬರಲಿಲ್ಲ. ಒಂದು ದಿನ, ಅಜ್ಜಿ ಪೂಜೆಯನ್ನು ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿ ಬಿಜಯಂಗೈಸಿ ಬಂದು ನೋಡಿದಾಗ, ಅವನು ಕಂಬಕ್ಕೊರಗಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದನು. ಬದುವಿನ ಮೇಲೆ ಮೊಲ ಮೇಯುತ್ತಿತ್ತು. ಅಜ್ಜಿಯೂ ಸದ್ದಿಲ್ಲದೆ ಪಕ್ಕದಲ್ಲಿ ಕುಳಿತಳು.