ಹಳ್ಳ ನಮ್ಮದು, ನಕ್ಷೆ ಯಾರದು?

ಬೆಣ್ಣಿಹಳ್ಳ ಬಂತೆಂದರೆ ನವಲಗುಂದ ಸೀಮೆಯಲ್ಲಿ ಯಾವ ಸೇತುವೆ ಮುಳುಗುತ್ತದೆ, ಯಾವ ಊರಿಗೆ ಸುತ್ತು ಹಾಕಿ ಹೋಗಬೇಕು ಎಂಬುದು ಅಲ್ಲಿಯ ಟಂಟಂ ಚಾಲಕರಿಗೆ ಬಾಯಿಪಾಠ. ಮೊಬೈಲಿನ ನಕ್ಷೆಗೆ ಡಾಂಬರು ರಸ್ತೆಯೂ ಒಂದು ಗೆರೆ, ಹೊಲದ ಚಕ್ಕಡಿ ದಾರಿಯೂ ಒಂದು ಗೆರೆ. ಅದನ್ನೇ ನಂಬಿ ಬಂದ ಕಾರು ಮಳೆಗಾಲದ ಎರಿ ಮಣ್ಣಿನಲ್ಲಿ ಹೂತರೆ ಎಳೆಯಲು ಟ್ರ್ಯಾಕ್ಟರ್ ಹುಡುಕಬೇಕು. ಇಂಥದ್ದನ್ನು ನೋಡಿದ ಊರಿನ ಹುಡುಗ ಯಾರಾದರೂ ಫೋನ್ ತೆಗೆದು ದಾರಿಯನ್ನು ತಿದ್ದಿ ಕಳಿಸುತ್ತಾನೆ. ಹಿಟ್ಟಿನ ಗಿರಣಿ, ಔಷಧದ ಅಂಗಡಿ, ಶಾಲೆಗಳನ್ನೂ ಸೇರಿಸುತ್ತಾನೆ. ಕೂಲಿ ಕೇಳುವುದಿಲ್ಲ.

ಈ ಬಿಟ್ಟಿ ಸೇವೆಯ ಮೂಲ ದೂರದ್ದೇನಲ್ಲ. ಗೂಗಲ್‌ನ ಬೆಂಗಳೂರು ಕಚೇರಿಯಲ್ಲಿ ಲಲಿತೇಶ್ ಕಟ್ರಗಡ್ಡ ಮತ್ತು ಸಂಗಡಿಗರು ರೂಪಿಸಿದ 'ಮ್ಯಾಪ್ ಮೇಕರ್' 2008ರಲ್ಲಿ ಜನರ ಕೈಗೆ ಬಂತು. ನಮ್ಮಂಥ ದೇಶಗಳ ಹಳ್ಳಿಗಳ ಒಳ್ಳೆಯ ನಕ್ಷೆ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ; ಕೊಳ್ಳಲಾಗದ್ದನ್ನು ಊರವರಿಂದಲೇ ಬರೆಸಿಕೊಳ್ಳುವ ಯುಕ್ತಿ ಅದು. ಉಪಗ್ರಹ ಚಿತ್ರದ ಮೇಲೆ ಜನ ರಸ್ತೆ ಎಳೆದರು, ಒಬ್ಬರು ಎಳೆದದ್ದನ್ನು ಇನ್ನೊಬ್ಬರು ತಪಾಸಣೆ ಮಾಡಿದರು. 2013ರಲ್ಲಿ ಗೂಗಲ್ ನಕ್ಷೆ ಬರೆಯುವ ಸ್ಪರ್ಧೆಯನ್ನೇ ನಡೆಸಿತು; ಅನುಮತಿ ಪಡೆದಿಲ್ಲವೆಂದು ಸರ್ವೆ ಆಫ್ ಇಂಡಿಯಾ ಪೊಲೀಸರಿಗೆ ದೂರು ಕೊಟ್ಟಿತು. 2017ರ ಮಾರ್ಚ್ 31ಕ್ಕೆ ಮ್ಯಾಪ್ ಮೇಕರ್ ಬಾಗಿಲು ಹಾಕಿತು. ಜನ ಬರೆದದ್ದು ಗೂಗಲ್ ಮ್ಯಾಪ್ಸ್‌ನಲ್ಲಿ ಉಳಿಯಿತು. ಈಗ ಅದೇ ಕೆಲಸಕ್ಕೆ 'ಲೋಕಲ್ ಗೈಡ್ಸ್' ಎಂಬ ಹೆಸರು. ರಸ್ತೆ ಸೇರಿಸಿದರೆ 15 ಅಂಕ, ಫೋಟೊ ಹಾಕಿದರೆ 5. ಆ ಅಂಕಕ್ಕೆ ಕಿರಾಣಿ ಅಂಗಡಿಯಲ್ಲಿ ಪಾವು ಕಿಲೋ ಸಕ್ಕರೆಯೂ ಬರುವುದಿಲ್ಲ ಬಿಡಿ.

ಹಾಗಂತ ತಿದ್ದಿದ ಹುಡುಗ ದಡ್ಡನಲ್ಲ. ಯಮನೂರ ಉರುಸಿಗೆ ಬರುವವರು ದಾರಿ ತಪ್ಪಬಾರದು, 108 ಆಂಬುಲೆನ್ಸ್ ತನ್ನ ಓಣಿಗೆ ನೆಟ್ಟಗೆ ಬರಬೇಕು, ಕಲಘಟಗಿಯ ಬಣ್ಣದ ತೊಟ್ಟಿಲು ಕೊಳ್ಳಲು ಬಂದವರಿಗೆ ಮಾಡುವವರ ಮನೆ ಸಿಗಬೇಕು. ಅವನು ದುಡಿದದ್ದು ಊರಿಗೆ, ಊರಿಗೆ ಅದರ ಲಾಭ ಸಿಕ್ಕಿದ್ದೂ ನಿಜ.

ನನ್ನ ತಕರಾರು ಉತಾರದ್ದು, ಅಂದರೆ ಪಹಣಿಯದ್ದು. ಊರೆಲ್ಲ ಸೇರಿ ಉತ್ತ ಈ ಹೊಲದ ಉತಾರದಲ್ಲಿ ಇರುವುದು ಕಂಪನಿಯ ಹೆಸರೊಂದೇ. ಕುಂದಗೋಳ ತಾಲ್ಲೂಕಿನ ಯಾವುದೋ ಪಂಚಾಯಿತಿ ತನ್ನ ಕೆರೆ, ಹಳ್ಳ, ಚಕ್ಕಡಿ ದಾರಿಗಳ ನಕ್ಷೆ ಮಾಡಿಕೊಳ್ಳಲು ಹೊರಟರೆ, ತನ್ನ ಊರವರೇ ಎಳೆದ ಗೆರೆಗಳನ್ನು ಗೂಗಲ್ ನಕ್ಷೆಯಿಂದ ಇಳಿಸಿಕೊಂಡು ಬಳಸುವ ಹಕ್ಕು ಅದಕ್ಕಿಲ್ಲ. ಉಳುವವನೇ ಒಡೆಯ ಎಂದು 1974ರಲ್ಲಿ ಕಾನೂನು ತಿದ್ದಿದ ರಾಜ್ಯ ನಮ್ಮದು. ಈ ಹೊಲಕ್ಕೆ ಅಂದಿನ ಗೇಣಿದಾರರಂತೆ ಫಾರ್ಮ್ 7 ತುಂಬಿ ಕೊಡೋಣವೆಂದರೆ ಭೂ ನ್ಯಾಯಮಂಡಳಿ ಎಲ್ಲಿದೆ?

ದುಡಿಮೆಗೆ ಬೆಲೆ ಕಟ್ಟಿದವರೂ ಇದ್ದಾರೆ. ಯಂತ್ರಕ್ಕೆ ಕನ್ನಡ ಕಲಿಸಲು ಚಾಮರಾಜನಗರ ಜಿಲ್ಲೆಯ ಹಳ್ಳಿಯವರಿಂದ ವಾಕ್ಯ ಓದಿಸಿ ಧ್ವನಿ ಮುದ್ರಿಸಿಕೊಂಡ ಬೆಂಗಳೂರಿನ 'ಕಾರ್ಯ' ಸಂಸ್ಥೆ, ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿತು. ಆ ಧ್ವನಿ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಎಂದಿತು. ನಕ್ಷೆಯ ವಿಷಯದಲ್ಲಿ ಕೂಲಿಗಿಂತ ಒಡೆತನದ ದಾರಿಯೇ ನನಗೆ ಹಿಡಿಸುತ್ತದೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರು ಮಾಡಿದ 'ಓಪನ್‌ಸ್ಟ್ರೀಟ್‌ಮ್ಯಾಪ್'ನಲ್ಲಿ ಊರ ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಎಳೆದ ಗೆರೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಫೇಸ್‌ಬುಕ್‌ನಂಥ ಕಂಪನಿಗಳೂ ಅದನ್ನು ಬಳಸುತ್ತವೆ, ಬಳಸಲಿ. ಪಂಚಾಯಿತಿಗೂ ಅಷ್ಟೇ ಹಕ್ಕಿದೆಯಲ್ಲ.

ಅಣ್ಣಿಗೇರಿಯ ಹುಡುಗರು ಗೂಗಲ್‌ನಲ್ಲಿ ತಿದ್ದುವುದನ್ನು ಬಿಡಬೇಕಿಲ್ಲ, ಅದೇ ದಾರಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿಯೂ ಒಮ್ಮೆ ಎಳೆದರಾಯಿತು. ಒಂದೇ ತೊಡಕು: ಗೂಗಲ್ ನಕ್ಷೆ ನೋಡಿ ನಕಲು ಮಾಡುವುದನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಒಪ್ಪುವುದಿಲ್ಲ. ಹೋದ ವರ್ಷ ತಾವೇ ಎಳೆದ ಗೆರೆಯಾದರೂ ಅಲ್ಲಿಂದ ಎತ್ತಿಕೊಳ್ಳುವಂತಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಒಪ್ಪುವ ಉಪಗ್ರಹ ಚಿತ್ರದ ಮೇಲೆ ಹೊಸದಾಗಿ ಎಳೆಯಬೇಕು, ಇಲ್ಲವೇ ಜಿಪಿಎಸ್ ಹಚ್ಚಿಕೊಂಡು ಆ ದಾರಿಯಲ್ಲಿ ಮತ್ತೊಮ್ಮೆ ನಡೆದು ಬರಬೇಕು.