ಅಂಕಿತ ಮತ್ತು ಒಡೆತನ: ಶರೀಫರ ತತ್ತ್ವಪದಗಳ ಒಂದು ಪ್ರಶ್ನೆ

ಗುರು, ದೇಹ, ಮುಕ್ತಿ ಮೊದಲಾದ ವಿಚಾರಗಳನ್ನು ಆಡುಮಾತಿನಲ್ಲಿ ಹಾಡಾಗಿ ಕಟ್ಟಿದ ರಚನೆಯೇ ತತ್ತ್ವಪದ. ಅದರ ಕೊನೆಯ ನುಡಿಯಲ್ಲಿ ಮುದ್ರೆಯಾಗಿ ಬರುವ ಹೆಸರೇ ಅಂಕಿತ. ‘ನಾನು’ ಎಂಬುದನ್ನು ಕಳೆಯಲೆಂದೇ ಹುಟ್ಟಿದ ಹಾಡಿಗೆ ಅದನ್ನು ಕಟ್ಟಿದವನು ಒಡೆಯನಾಗಬಲ್ಲನೇ ಎಂಬ ಪ್ರಶ್ನೆಯನ್ನು ಧಾರವಾಡ ಸೀಮೆಯಲ್ಲಿ ಎತ್ತಿದರೆ, ಮೊದಲು ನೆನಪಾಗುವವರು ಶಿಶುನಾಳ ಶರೀಫರು (1819–1889).

ಇಂದು ಹಾವೇರಿ ಜಿಲ್ಲೆಯಲ್ಲಿರುವ ಶಿಶುವಿನಹಾಳದ, ಅಂದರೆ ಶಿಶುನಾಳದ, ಇಮಾಮ್ ಸಾಹೇಬರ ಮಗನಾದ ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಮಾಸ್ತರಿಕೆ ಮಾಡಿ, ಅದನ್ನು ಬಿಟ್ಟು, ಕುಂದಗೋಳ ತಾಲೂಕಿನ ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಎಂಬ ಈ ಸಂಬಂಧವನ್ನು ಸೌಹಾರ್ದದ ಕುರುಹೆಂದಷ್ಟೇ ಕೊಂಡಾಡುವುದು ವಾಡಿಕೆಯಾಗಿದೆ. ಆದರೆ ಅದರ ತಾತ್ತ್ವಿಕ ಫಲವಿರುವುದು ಅಂಕಿತದಲ್ಲಿ. ಹಾಡು ಕಟ್ಟಿದವರು ಶರೀಫರಾದರೂ ಮುದ್ರೆ ಬಿದ್ದದ್ದು ಊರಿನ ದೈವವಾದ ಶಿಶುನಾಳದ ಅಧೀಶನ ಹೆಸರಿಗೆ, ಹಲವೆಡೆ ಗುರುಗೋವಿಂದನ ಹೆಸರಿಗೆ.

ಮಾಳಿಗೆ ಸೋರುವುದನ್ನು ಕುರಿತ ಅವರ ಪ್ರಸಿದ್ಧ ಪದವನ್ನೇ ನೋಡಬಹುದು. ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಬಯಲುಸೀಮೆಯ ಮಾಳಿಗೆಯನ್ನು ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಿ ದುರಸ್ತಿ ಮಾಡದಿದ್ದರೆ ನೀರು ಒಳಗಿಳಿಯುವುದು ಆ ಭಾಗದ ಒಕ್ಕಲಿಗನಿಗೆ ವರ್ಷವರ್ಷದ ಅನುಭವ. ಆ ಮನೆಯೇ ದೇಹ, ಸೋರಿಕೆಯೇ ಅಜ್ಞಾನ ಎಂದಾಗ ಕೇಳುವವನಿಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಇಲ್ಲಿ ಸೋರುವ ಮನೆ ಕವಿಯೊಬ್ಬನದಲ್ಲ, ಹಾಡುವ ಪ್ರತಿಯೊಬ್ಬನದು.

ಅಮೆರಿಕದ ಅಪಲಾಚಿಯ ಬೆಟ್ಟಸೀಮೆಯಲ್ಲಿ ಈ ಒಡೆತನದ ಪ್ರಶ್ನೆ ಬೇರೆ ದಾರಿ ಹಿಡಿಯಿತು. 1927ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಮೊದಲ ಬಾರಿಗೆ ಧ್ವನಿಮುದ್ರಣಕ್ಕೆ ಹಾಡಿದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಊರೂರು ಸುತ್ತಿ ಹಳೆಯ ಹಾಡುಗಳನ್ನು ಕೂಡಿಹಾಕಿದರು. ಅವುಗಳಲ್ಲಿ ಅನೇಕವು ಅವರ ಹೆಸರಿನ ಹಕ್ಕುಸ್ವಾಮ್ಯಕ್ಕೆ ಒಳಪಟ್ಟವು, ಆದರೆ ಅವರೊಡನೆ ತಿರುಗಿ ಧಾಟಿಗಳನ್ನು ನೆನಪಿನಲ್ಲಿ ಹೊತ್ತು ತಂದ ಕಪ್ಪು ಜನಾಂಗದ ಗಿಟಾರ್ ವಾದಕ ಲೆಸ್ಲಿ ರಿಡಲ್ ಬಹುಕಾಲ ಮರೆಯಲ್ಲೇ ಉಳಿದರು. ಅಲ್ಲಿ ಊರಿನ ಹಾಡಿಗೆ ಒಬ್ಬನ ಹೆಸರು ಬಿತ್ತು. ಇಲ್ಲಿ ಒಬ್ಬನ ಹಾಡು ಊರಿನ ದೈವದ ಹೆಸರಿಗೆ ಹೋಯಿತು.

ಹಾಗೆಂದು ಅಂಕಿತವು ಕರ್ತೃವನ್ನು ಅಳಿಸುತ್ತದೆ ಎನ್ನಲಾಗದು. ಯಾವ ಪದ ಶರೀಫರದೆಂದು ಜನ ಗುರುತಿಸುವುದೂ ಅದರಿಂದಲೇ. ಕಲಘಟಗಿ ತಾಲೂಕಿನ ತಂಬೂರದಂಥ ಊರುಗಳ ಸೀಮೆಯಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ರಾತ್ರಿಯಿಡೀ ನಡೆಯುವ ಭಜನೆಯಲ್ಲಿ, ಮೆಟ್ಟಿಲುಗಳಿಲ್ಲದ ಒಂಟಿ ತಂತಿಯನ್ನು ತೋರುಬೆರಳಿನಿಂದ ಮೀಟುತ್ತ ಕೊನೆಯ ನುಡಿಗೆ ಬಂದ ಹಾಡುಗಾರನು ಅಂಕಿತವನ್ನು ಉಚ್ಚರಿಸುವಾಗ, ಶರೀಫರ ಶರಣಾಗತಿಯನ್ನು ವರದಿ ಮಾಡುವುದಿಲ್ಲ, ತಾನೇ ಶರಣಾಗುತ್ತಾನೆ. ತತ್ತ್ವಪದ ಪೂರ್ಣವಾಗುವುದು ಕಟ್ಟಿದವನಲ್ಲದ ಇನ್ನೊಬ್ಬನ ಬಾಯಲ್ಲಿ.

ಸಿ. ಅಶ್ವತ್ಥರ ಗಾಯನ ಮತ್ತು ಟಿ. ಎಸ್. ನಾಗಾಭರಣರ 1990ರ ಚಲನಚಿತ್ರ ಈ ಪದಗಳನ್ನು ನಾಡಿನುದ್ದಕ್ಕೂ ಮುಟ್ಟಿಸಿದ್ದು ದೊಡ್ಡ ಉಪಕಾರವೇ ಸರಿ. ಆದರೆ ಅಲ್ಲಿ ಕೇಳಿದ ಪಾಠವೇ ಮೂಲವೆಂದು ನಂಬಿ, ಭಜನಾ ಮೇಳದವರ ಪಾಠಾಂತರಗಳನ್ನು ತಪ್ಪೆಂದು ತಿದ್ದಹೊರಡುವುದು, ಶರೀಫರು ಬಿಟ್ಟುಕೊಟ್ಟ ಒಡೆತನವನ್ನು ಅವರ ಹೆಸರಿನಲ್ಲೇ ಮತ್ತೆ ಸ್ಥಾಪಿಸಿದಂತಾಗುತ್ತದೆ.