ಕಂಪ್ಯೂಟರಿನ ಕೀಲಿ ಸಂಖ್ಯೆ ಮತ್ತು ಕರಾರಿನ ಪಾಲನೆ

ಸತ್ಯವಿಶ್ವಾಸಿಗಳು ತಾವು ಮಾಡಿಕೊಂಡ ಕರಾರುಗಳನ್ನು ಪೂರ್ಣವಾಗಿ ಪಾಲಿಸಬೇಕೆಂಬ ಆಜ್ಞೆಯೊಂದಿಗೆ ಪವಿತ್ರ ಕುರ್‌ಆನಿನ ಐದನೆಯ ಅಧ್ಯಾಯ ‘ಅಲ್ ಮಾಇದಃ’ ಆರಂಭವಾಗುತ್ತದೆ. ಕರಾರು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ನಿಕಾಹ್, ಸಾಲದ ಪತ್ರ, ಮನೆ ಬಾಡಿಗೆ, ಪಾಲುದಾರಿಕೆಯ ವ್ಯಾಪಾರ. ಅಲ್ಲಿ ಸಾಕ್ಷಿಗಳಿರುತ್ತಾರೆ, ಸಹಿ ಇರುತ್ತದೆ, ಮುರಿದರೆ ಕೇಳಲು ಜಮಾಅತಿನ ಹಿರಿಯರಿರುತ್ತಾರೆ. ಆದರೆ ಇಂದು ನಮ್ಮ ಮನೆಗಳಲ್ಲಿ ಬೆರಳ ತುದಿಯಿಂದ ಮಾಡಿ ಮುಗಿಸುವ ಕರಾರುಗಳೂ ಇವೆ. ಕಂಪ್ಯೂಟರಿನ ಪರದೆಯ ಮೇಲೆ ಉದ್ದನೆಯ ಬರಹವೊಂದು ಬರುತ್ತದೆ, ಕೆಳಗೆ ‘ಒಪ್ಪಿದ್ದೇನೆ’ ಎಂಬ ಗುಂಡಿ. ಓದುವವರು ಯಾರೂ ಇಲ್ಲ, ಒತ್ತುವವರು ಎಲ್ಲರೂ. ಈ ಒಪ್ಪಿಗೆಯ ಲೆಕ್ಕ ಎಲ್ಲಿಯೂ ಬರೆದಿಡಲ್ಪಡುವುದಿಲ್ಲವೆಂದು ನಾವು ಭಾವಿಸಿದ್ದೇವೆಯೇ?

ಇದನ್ನು ಬರೆಯಲು ಒಂದು ಕಾರಣವಿದೆ. ನಮ್ಮ ಮದ್ರಸದ ಕಚೇರಿಯಲ್ಲಿ ಮೂರು ಕಂಪ್ಯೂಟರುಗಳಿವೆ. ಒಂದು ಹಳೆಯದು. ಉಳಿದೆರಡು, ಮುಚ್ಚಿಹೋದ ಒಂದು ಕಚೇರಿಯಿಂದ ದಾನಿಯೊಬ್ಬರ ಮೂಲಕ ಬಂದವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಮೇಲೆ ಅದಕ್ಕೆ ಉಚಿತವಾಗಿ ಬರುತ್ತಿದ್ದ ಸುರಕ್ಷತಾ ತಿದ್ದುಪಡಿಗಳು ಮಾಮೂಲಿನಂತೆ ಬರುವುದಿಲ್ಲವಾದ್ದರಿಂದ, ಹನ್ನೊಂದಕ್ಕೆ ಏರಿಸುವ ಮಾತು ಬಂತು. ಈ ಕೆಲಸಕ್ಕೆ ನನ್ನ ಬಳಿಯೇ ಕಲಿತು ಈಗ ರಿಪೇರಿ ಅಂಗಡಿ ಇಟ್ಟಿರುವ ಹುಡುಗನನ್ನು ಕರೆಸಿದೆ. ಅವನು ಯಂತ್ರಗಳನ್ನು ನೋಡಿ ಕೇಳಿದ:

“ಉಸ್ತಾದರೇ, ಒರಿಜಿನಲ್ ಹಾಕಲೋ, ಮಾಮೂಲಿ ಹಾಕಲೋ?”

ಆ ‘ಮಾಮೂಲಿ’ ಎಂಬ ಪದ ನನ್ನ ಎದೆಗೆ ಚುಚ್ಚಿತು. ಕದ್ದದ್ದಕ್ಕೆ ನಾವು ಇಟ್ಟ ಹೆಸರು ಮಾಮೂಲಿ! ಆದರೆ ಅವನನ್ನು ಗದರಿಸುವ ಹಕ್ಕು ನನಗಿರಲಿಲ್ಲ. “ಮೊದಲಿನಂತೆಯೇ ಹಾಕಿಬಿಡು” ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಏಕೆಂದರೆ ಆ ಹಳೆಯ ಯಂತ್ರದಲ್ಲಿ ಏಳು ವರ್ಷಗಳಿಂದ ನಾನು ಬಳಸುತ್ತಿದ್ದುದು ಮಾಮೂಲಿಯೇ. ‘ಅಮಾನತ್ ಎಂದರೇನು? ಉದಾಹರಣೆ ಸಹಿತ ವಿವರಿಸಿರಿ’ ಎಂದು ಅಖ್ಲಾಕ್ ಪಾಠದ ಪ್ರಶ್ನೆಪತ್ರಿಕೆಯನ್ನು ನಾನು ಟೈಪ್ ಮಾಡಿದ್ದೂ ಅದರಲ್ಲಿಯೇ. ಓದುಗರು ಮುಂದಿನ ಸಾಲುಗಳನ್ನು ಒಬ್ಬ ಉಪದೇಶಕನ ಮಾತೆಂದು ತಿಳಿಯದೆ, ತಪ್ಪಿತಸ್ಥನೊಬ್ಬನ ವಿಚಾರಣೆಯೆಂದು ಓದಬೇಕಾಗಿ ವಿನಂತಿ.

ಮೊದಲು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ. ಆಪರೇಟಿಂಗ್ ಸಿಸ್ಟಮನ್ನು ಅಕ್ಕಿಯ ಮೂಟೆಯಂತೆ ನಾವು ಕೊಳ್ಳುವುದಿಲ್ಲ. ನಾವು ಕೊಳ್ಳುವುದು ಅದನ್ನು ಬಳಸುವ ಅನುಮತಿಯನ್ನು. ಅದಕ್ಕೇ ಲೈಸೆನ್ಸ್ ಅಥವಾ ಪರವಾನಿಗೆ ಎಂದು ಹೆಸರು. ಇಪ್ಪತ್ತೈದು ಅಕ್ಷರ ಮತ್ತು ಅಂಕಿಗಳ ಪ್ರಾಡಕ್ಟ್ ಕೀ ಆ ಅನುಮತಿಯ ಗುರುತು ಮಾತ್ರ. ಬಾಡಿಗೆ ಮನೆಯ ಬೀಗದ ಕೈಯನ್ನು ನಕಲು ಮಾಡಿಸಿಕೊಂಡವನು ಬಾಡಿಗೆದಾರನಾಗುವುದಿಲ್ಲ ತಾನೇ? ಬಾಗಿಲು ತೆರೆಯಿತೆಂಬುದು ಬೇರೆ, ಒಳಗಿರಲು ಹಕ್ಕಿದೆಯೆಂಬುದು ಬೇರೆ. ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. “ಆಕ್ಟಿವೇಟ್ ಆಯಿತಲ್ಲ, ಇನ್ನೇನು?” ಎನ್ನುತ್ತಾರೆ.

ಏರಿಕೆಯ ಪರವಾನಿಗೆ ಅಂದರೆ ‘ಅಪ್‌ಗ್ರೇಡ್’ ಎಂಬುದು ಹೊಸ ಸಂಗತಿಯೇನಲ್ಲ. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗಲೇ ಪೂರ್ಣ ಪ್ರತಿ ಬೇರೆ, ಅಪ್‌ಗ್ರೇಡ್ ಪ್ರತಿ ಬೇರೆ ಇತ್ತು. ಹಳೆಯದನ್ನು ಹೊಂದಿದ್ದವರಿಗೆ ಕಡಿಮೆ ಬೆಲೆ. ಆದರೆ ಹಳೆಯದು ಇದೆಯೇ ಎಂದು ಅದು ಹುಡುಕಿ ನೋಡುತ್ತಿತ್ತು. 2001ರಲ್ಲಿ ಎಕ್ಸ್‌ಪಿ ಬಂದ ಮೇಲೆ ಆಕ್ಟಿವೇಶನ್ ಎಂಬ ಪರೀಕ್ಷೆ ಮನೆ ಬಳಕೆದಾರರಿಗೂ ಬಂತು. 2015ರ ಜುಲೈ 29ರಂದು ವಿಂಡೋಸ್ 10 ಬಂದಾಗ 7 ಮತ್ತು 8.1ರ ಸಕ್ರಮ ಬಳಕೆದಾರರಿಗೆ ಒಂದು ವರ್ಷದ ಕಾಲ ಏರಿಕೆ ಉಚಿತವೆಂದು ಘೋಷಿಸಲಾಯಿತು. ಆಗ ಅಂಗಡಿಗಳಲ್ಲಿ ಒಂದು ಸುದ್ದಿ ಹರಡಿತು: ಕದ್ದ ಪ್ರತಿಯಿಂದಲೂ ಏರಿಸಬಹುದು, ಏರಿಸಿದರೆ ಎಲ್ಲವೂ ಒರಿಜಿನಲ್ ಆಗಿಬಿಡುತ್ತದೆ ಎಂದು. ಕಂಪೆನಿ ಹೇಳಿದ್ದು ಅದಲ್ಲ. ಅಕ್ರಮ ಪ್ರತಿಯನ್ನು ಏರಿಸಿದರೂ ಅದರ ಸ್ಥಿತಿ ಅಕ್ರಮವಾಗಿಯೇ ಉಳಿಯುತ್ತದೆ ಎಂದು ಅದು ಸ್ಪಷ್ಟಪಡಿಸಿತ್ತು. ನೀರು ಅಶುದ್ಧವಾಗಿದ್ದರೆ ಪಾತ್ರೆ ಬದಲಾಯಿಸಿ ವುಝೂ ಮಾಡಿದರೆ ಏನು ಪ್ರಯೋಜನ?

2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಕೂಡ, ಸಕ್ರಮವಾದ ಹತ್ತು ಇರುವ ಯೋಗ್ಯ ಯಂತ್ರಗಳಿಗೆ ಉಚಿತ ಏರಿಕೆಯೇ. ಹೊಸ ಕೀಲಿ ಸಂಖ್ಯೆ ಬೇಕಾಗುವುದಿಲ್ಲ. ಯಂತ್ರದ ಗುರುತಿನೊಂದಿಗೆ ‘ಡಿಜಿಟಲ್ ಲೈಸೆನ್ಸ್’ ಕಂಪೆನಿಯ ದಾಖಲೆಯಲ್ಲಿ ಇರುತ್ತದೆ. ಹೋಮ್ ಇದ್ದವರಿಗೆ ಹೋಮ್, ಪ್ರೊ ಇದ್ದವರಿಗೆ ಪ್ರೊ. ಹೋಮ್‌ನಿಂದ ಪ್ರೊಗೆ ಹೋಗಬೇಕಾದರೆ ಅದನ್ನು ಬೇರೆಯೇ ಕೊಳ್ಳಬೇಕು. ಮದರ್‌ಬೋರ್ಡ್ ಬದಲಾಯಿಸಿದರೆ ಹಳೆಯ ಗುರುತು ತಪ್ಪಿ ಆಕ್ಟಿವೇಶನ್ ಬಿದ್ದುಹೋಗಬಹುದು. ನಿಮ್ಮ ಯಂತ್ರದ ಸ್ಥಿತಿ ಏನೆಂದು ನೋಡಲು ಯಾರ ಸಹಾಯವೂ ಬೇಡ: ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಆಕ್ಟಿವೇಶನ್ ಎಂಬ ಪುಟವಿದೆ.

ಪರವಾನಿಗೆಗಳಲ್ಲಿಯೂ ಬಗೆಗಳಿವೆ. ತಯಾರಕರು ಯಂತ್ರದೊಂದಿಗೇ ಕೊಡುವುದು ಒ.ಇ.ಎಂ.; ಅದು ಆ ಯಂತ್ರದೊಂದಿಗೇ ಹುಟ್ಟಿ ಅದರೊಂದಿಗೇ ಸಾಯುತ್ತದೆ. ಬಿಡಿಯಾಗಿ ಕೊಂಡದ್ದನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು, ಒಮ್ಮೆಗೆ ಒಂದರಲ್ಲಿ ಮಾತ್ರ. ಇನ್ನೊಂದು ದೊಡ್ಡ ಸಂಸ್ಥೆಗಳಿಗೆ ಸಗಟಾಗಿ ಕೊಡುವ ವಾಲ್ಯೂಮ್ ಲೈಸೆನ್ಸ್. ಐನೂರು ರೂಪಾಯಿಗೆ ಸಿಗುವ ಕೀಲಿ ಸಂಖ್ಯೆಗಳಲ್ಲಿ ಹಲವು ಬರುವುದು ಈ ಕೊನೆಯ ಚೀಲದಿಂದ. ಯಾವುದೋ ಸಂಸ್ಥೆಗೆ ಅದರ ನೌಕರರ ಬಳಕೆಗಾಗಿ ಕೊಟ್ಟದ್ದನ್ನು ಯಾರೋ ಹೊರಗೆ ತಂದು ನೂರು ಜನರಿಗೆ ಮಾರುತ್ತಾರೆ. ಮಾರುವವನಿಗೆ ಅದರ ಮೇಲೆ ಹಕ್ಕಿಲ್ಲ. ತನ್ನ ಬಳಿ ಇಲ್ಲದ ಸರಕನ್ನು ಮಾರುವ ಬಗ್ಗೆ ಹಕೀಮ್ ಇಬ್ನ್ ಹಿಝಾಮ್(ರ) ಕೇಳಿದಾಗ ಪ್ರವಾದಿವರ್ಯರು(ಸ) ಅದನ್ನು ತಡೆದ ಘಟನೆಯನ್ನು ಹದೀಸ್ ಗ್ರಂಥಗಳಲ್ಲಿ ನಾವು ಓದಿದ್ದೇವೆ. ಕೊಳ್ಳುವವರು “ನಾನು ದುಡ್ಡು ಕೊಟ್ಟೆನಲ್ಲ” ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ದುಡ್ಡು ಕೊಟ್ಟದ್ದು ಯಾರಿಗೆ?

ಹುಡುಗ ಹೇಳುತ್ತಿದ್ದ ‘ಮಾಮೂಲಿ’ಯ ಒಳಗುಟ್ಟನ್ನೂ ಅವನಿಂದಲೇ ಕೇಳಿ ತಿಳಿದುಕೊಂಡೆ. ದೊಡ್ಡ ಕಚೇರಿಗಳಲ್ಲಿ ಪರವಾನಿಗೆಯನ್ನು ದೃಢಪಡಿಸಲು ಒಂದು ಸರ್ವರ್ ಇಡುತ್ತಾರಂತೆ. ಕಚೇರಿಯ ಕಂಪ್ಯೂಟರುಗಳು ಅದನ್ನು ಕೇಳಿ 180 ದಿನಗಳ ಅನುಮತಿ ಪಡೆದು, ಮತ್ತೆ ಮತ್ತೆ ನವೀಕರಿಸಿಕೊಳ್ಳುತ್ತವೆ. ಮಾಮೂಲಿ ತಂತ್ರಾಂಶವು ನಮ್ಮ ಯಂತ್ರದೊಳಗೇ ಅಂಥದೊಂದು ಸುಳ್ಳು ಸರ್ವರನ್ನು ಸೃಷ್ಟಿಸುತ್ತದೆ. ಅಂದರೆ, ಇಲ್ಲದ ಕಚೇರಿಯೊಂದರ ಹೆಸರಿನಲ್ಲಿ ನಮ್ಮ ಯಂತ್ರ ಸುಳ್ಳು ಸಾಕ್ಷಿ ನುಡಿಯುತ್ತದೆ, ಆ ಸಾಕ್ಷಿಯನ್ನು ನವೀಕರಿಸುತ್ತಲೂ ಇರುತ್ತದೆ. ನಾನು ಮುಸಲ್ಲಾದ ಮೇಲೆ ನಿಂತಿರುವಾಗಲೂ! ಇದನ್ನು ಕೇಳಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಇದಲ್ಲದೆ ಇಂಥ ತಂತ್ರಾಂಶ ಹಾಕುವಾಗ ಮೊದಲು ಆಂಟಿವೈರಸ್ ನಿಲ್ಲಿಸಬೇಕಂತೆ. ಮನೆಯ ಕಾವಲುಗಾರನನ್ನು ಕಳುಹಿಸಿ ಅಪರಿಚಿತನನ್ನು ಒಳಗೆ ಕರೆದಂತೆ.

ಈಗ ನಮ್ಮವರ ವಾದಗಳಿಗೆ ಬರೋಣ. “ಅದು ಕೋಟ್ಯಧಿಪತಿಗಳ ಕಂಪೆನಿ, ಮುಸ್ಲಿಮರದ್ದೂ ಅಲ್ಲ” ಎನ್ನುವವರಿದ್ದಾರೆ. ಇವರು ಹಿಜ್‌ರತ್‌ನ ರಾತ್ರಿಯನ್ನು ನೆನಪಿಸಿಕೊಳ್ಳಬೇಕು. ಪ್ರವಾದಿವರ್ಯರ(ಸ) ಪ್ರಾಣ ತೆಗೆಯಲು ಮಕ್ಕಾದವರು ಮನೆಯ ಸುತ್ತ ಕಾದು ನಿಂತಿದ್ದರು. ಅದೇ ಮಕ್ಕಾದವರ ಅಮಾನತುಗಳು ಆ ಮನೆಯೊಳಗಿದ್ದವು. ಶತ್ರುಗಳ ಸೊತ್ತೆಂದು ಅದನ್ನು ಒಂಟೆಯ ಮೇಲೆ ಹೇರಿಕೊಂಡು ಹೋಗಲಿಲ್ಲ. ಅವರವರಿಗೆ ಮರಳಿಸಿ ಬರಲೆಂದು ಅಲೀ(ರ)ರವರನ್ನು ಹಿಂದೆ ಬಿಟ್ಟು ಹೋದರು. ಹಕ್ಕುದಾರ ಯಾರು, ಅವನ ಧರ್ಮ ಯಾವುದು, ಅವನ ಬಳಿ ಎಷ್ಟಿದೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಸ್ಥಾನವೇ ಇರಲಿಲ್ಲ.

“ನಕಲು ಮಾಡಿದರೆ ಅವರದ್ದೇನು ಕಡಿಮೆಯಾಯಿತು? ವಿದ್ಯೆಗೆ ಬೆಲೆ ಕಟ್ಟಬಹುದೇ?” ಎಂಬುದು ಇನ್ನೊಂದು ವಾದ. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಗ್ರಂಥಸ್ವಾಮ್ಯವನ್ನು ಸೊತ್ತೆಂದು ಒಪ್ಪುವುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿತ್ತು. ನಾನು ಮುಫ್ತಿಯಲ್ಲ, ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಆದರೆ 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಐದನೆಯ ಅಧಿವೇಶನವು, ಗ್ರಂಥ ರಚನೆ, ಆವಿಷ್ಕಾರ ಮತ್ತು ವ್ಯಾಪಾರ ನಾಮಗಳ ಹಕ್ಕುಗಳು ಶರೀಅತ್ ರಕ್ಷಿಸುವ ಹಕ್ಕುಗಳೇ ಆಗಿವೆ, ಅವುಗಳ ಮೇಲೆ ಆಕ್ರಮಣ ಸಲ್ಲದು ಎಂದು ತೀರ್ಮಾನಿಸಿತು. ಇನ್ನು ಸೊತ್ತಿನ ಚರ್ಚೆಯನ್ನು ಬದಿಗಿಟ್ಟರೂ ‘ಒಪ್ಪಿದ್ದೇನೆ’ ಎಂದು ಒತ್ತಿದ ಗುಂಡಿ ಉಳಿಯುತ್ತದೆ. ಹಲಾಲನ್ನು ಹರಾಮ್ ಮಾಡದ, ಹರಾಮನ್ನು ಹಲಾಲ್ ಮಾಡದ ಷರತ್ತುಗಳಿಗೆ ಮುಸ್ಲಿಮರು ಬದ್ಧರು ಎಂಬ ಆಶಯದ ಹದೀಸ್ ಇದೆ. ನಾವು ಬಾಳುತ್ತಿರುವ ನಾಡಿನ ಕಾನೂನೂ ಇದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅಕ್ರಮ ಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವುದೇ ಅಪರಾಧ. 7 ದಿನಗಳಿಂದ 3 ವರ್ಷಗಳ ವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದ ವರೆಗೆ ದಂಡ. ಲಾಭಕ್ಕಾಗಿ ಬಳಸದವರಿಗೆ ನ್ಯಾಯಾಲಯ ರಿಯಾಯಿತಿ ತೋರಿಸಬಹುದು, ಅಷ್ಟೆ. ಪೊಲೀಸರು ಮನೆಗೆ ಬರುವುದಿಲ್ಲವೆಂದು ನಮಗೆ ಗೊತ್ತು. ಆದರೆ ನಮ್ಮ ಹೆದರಿಕೆ ಪೊಲೀಸರದ್ದು ಮಾತ್ರವೇ?

ಉಳಿದದ್ದು ಅನಿವಾರ್ಯತೆಯ ವಾದ. ಹಸಿವಿನಿಂದ ಪ್ರಾಣ ಹೋಗುವವನಿಗೆ ಇರುವ ವಿನಾಯಿತಿಯನ್ನು ನಮ್ಮವರು ಎಲ್ಲದಕ್ಕೂ ಎಳೆಯುತ್ತಾರೆ. ಬೇರೆ ದಾರಿಯೇ ಇಲ್ಲದಿದ್ದರೆ ತಾನೇ ಅನಿವಾರ್ಯ? 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್. ಕೀಲಿ ಸಂಖ್ಯೆಯೂ ಇಲ್ಲ, ಆಕ್ಟಿವೇಶನ್ನೂ ಇಲ್ಲ. ನಕಲು ಮಾಡಿ ಹಂಚಲು ಅದರ ಪರವಾನಿಗೆಯೇ ಅನುಮತಿ ಕೊಡುತ್ತದೆ. ಆದರೆ ಅದಕ್ಕೂ ಕರಾರಿದೆ: ಹಂಚುವವನು ಅದರ ಮೂಲ ಬರಹವನ್ನು ಮುಚ್ಚಿಡಬಾರದು. ಕನ್ನಡ ಟೈಪ್ ಮಾಡುವುದು ಹೇಗೆಂದು ನನಗೂ ಸಂಶಯವಿತ್ತು. ನುಡಿಯಲ್ಲಿ ಅಭ್ಯಾಸವಾದ ಕೆ.ಜಿ.ಪಿ. ಕೀಲಿಮಣೆ ವಿನ್ಯಾಸ ಅಲ್ಲಿಯೂ ಇದೆ. ಹಳೆಯ ನುಡಿ ಫಾಂಟಿನಲ್ಲಿದ್ದ ನನ್ನ ಪಾಠಗಳನ್ನು ಮಾತ್ರ ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕಾಯಿತು. ಎರಡು ವಾರ ಹಿಡಿಯಿತು, ಕೆಲವು ಒತ್ತಕ್ಷರಗಳು ಇನ್ನೂ ಕೈಕೊಡುತ್ತಿವೆ.

ಆಡಳಿತ ಸಮಿತಿಯ ಮುಂದೆ ವಿಷಯ ಇಟ್ಟಾಗ ಹಿರಿಯ ಹಾಜಿಯವರೊಬ್ಬರು ಕೇಳಿದರು: “ಜನ ಸ್ವಲಾತಿಗೆ ಬಂದು ಹಾಕಿದ ದುಡ್ಡನ್ನು ಅಮೆರಿಕದ ಕಂಪೆನಿಗೆ ಕೊಡಬೇಕೇ ಉಸ್ತಾದರೇ?” ನ್ಯಾಯವಾದ ಪ್ರಶ್ನೆ. ಪರಿಶೀಲಿಸಿದಾಗ, ದಾನವಾಗಿ ಬಂದ ಒಂದು ಯಂತ್ರದಲ್ಲಿ ತಯಾರಕರೇ ಮದರ್‌ಬೋರ್ಡಿನಲ್ಲಿ ಬರೆದಿಟ್ಟ ಸಕ್ರಮ ಪರವಾನಿಗೆ ಇತ್ತು. ಬಯೋಸಿನಲ್ಲಿ ಟಿ.ಪಿ.ಎಂ. ಎಂಬ ಸುರಕ್ಷತಾ ಸೌಲಭ್ಯವನ್ನು ಚಾಲೂ ಮಾಡಿದೊಡನೆ ಅದು ಒಂದು ಪೈಸೆ ಖರ್ಚಿಲ್ಲದೆ ಹನ್ನೊಂದಕ್ಕೆ ಏರಿತು. ಇನ್ನೊಂದು ಜೋಡಿಸಿದ ಯಂತ್ರ. ಅದು ಓಡುತ್ತಿದ್ದುದು ಮುಚ್ಚಿಹೋದ ಕಚೇರಿಯ ವಾಲ್ಯೂಮ್ ಲೈಸೆನ್ಸಿನಲ್ಲಿ. ದಾನಿ ಯಂತ್ರವನ್ನು ಕೊಟ್ಟರು, ಪರವಾನಿಗೆ ಕೊಡುವುದು ಅವರ ಕೈಯಲ್ಲಿರಲಿಲ್ಲ. ಅದಕ್ಕೂ ನನ್ನ ಹಳೆಯ ಯಂತ್ರಕ್ಕೂ ಲಿನಕ್ಸ್ ಹಾಕಿಸಿದೆವು. ಹಾಜಿಯವರ ದುಡ್ಡು ಉಳಿಯಿತು.

ಕಳೆದ ಏಳು ವರ್ಷಗಳದ್ದೇನು? ತೌಬಃದಲ್ಲಿ ಪಶ್ಚಾತ್ತಾಪದ ಜೊತೆಗೆ, ಮನುಷ್ಯರ ಹಕ್ಕಿಗೆ ಸಂಬಂಧಿಸಿದ್ದಾದರೆ ಹಕ್ಕುದಾರನಿಗೆ ಮರಳಿಸುವುದೂ ಸೇರಿದೆಯೆಂದು ಮಕ್ಕಳಿಗೆ ಕಲಿಸುವವನು ನಾನು. ನನ್ನ ಉಸ್ತಾದರನ್ನು ಕೇಳಿದೆ. “ಬಳಸಿದ್ದಕ್ಕೆ ಬೆಲೆ ಕೊಡಲು ದಾರಿಯಿದ್ದರೆ ಕೊಟ್ಟುಬಿಡು” ಎಂದರು. ದಾರಿ ಇತ್ತು. ಕಂಪೆನಿಯಿಂದಲೇ ಒಂದು ಬಿಡಿ ಪರವಾನಿಗೆಯನ್ನು ನನ್ನ ಸಂಬಳದಿಂದ ಕೊಂಡೆ. ಹಳೆಯ ಯಂತ್ರ ಈಗ ಲಿನಕ್ಸಿನಲ್ಲಿದೆಯಾದ್ದರಿಂದ ಆ ಪರವಾನಿಗೆ ಬಳಕೆಯಾಗದೆ ಬಿದ್ದಿದೆ. ಮನೆಯವಳು ಮೊದಲು ಆಶ್ಚರ್ಯಪಟ್ಟಳು, ಆ ಮೇಲೆ ಏನೂ ಹೇಳಲಿಲ್ಲ. ಆ ತಿಂಗಳು ಮೀನಿನ ಖರ್ಚು ಸ್ವಲ್ಪ ಕಡಿಮೆಯಾಯಿತು.

ಆದರೆ ನನಗೆ ಉತ್ತರ ಸುಲಭವಾಗದ ಪ್ರಶ್ನೆ ಕೇಳಿದ್ದು ಆ ಹುಡುಗ. “ಉಸ್ತಾದರೇ, ನಿಮ್ಮದಾಯಿತು. ನನ್ನ ಗಿರಾಕಿಗಳು? ಹತ್ತು ಜನ ಬಂದರೆ ಒಂಬತ್ತು ಜನ ಮಾಮೂಲಿಯೇ ಕೇಳುತ್ತಾರೆ. ನಾನು ಇಲ್ಲವೆಂದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ಮನೆಯಲ್ಲಿ ಎರಡು ಮಕ್ಕಳಿದ್ದಾರೆ.” ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರವಾದಿವರ್ಯರಿಗೆ(ಸ) ಒದ್ದೆ ತಗಲಿದಾಗ, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಆ ವ್ಯಾಪಾರಿಯನ್ನು ಕೇಳಿದ್ದು ನನಗೆ ನೆನಪಾಯಿತು. ಅಲ್ಲಾಹನನ್ನು ಭಯಪಡುವವನಿಗೆ ಅವನು ಊಹಿಸದ ಕಡೆಯಿಂದ ಅನ್ನಾಧಾರ ಸಿಗುವುದೆಂಬ ಕುರ್‌ಆನಿನ ವಾಗ್ದಾನವನ್ನೂ ಹೇಳಿದೆ. ಹೇಳುವುದು ನನಗೆ ಸುಲಭ. ತಿಂಗಳ ಕೊನೆಗೆ ಅಂಗಡಿ ಬಾಡಿಗೆ ಕೊಡಬೇಕಾದವನು ಅವನು. ಅವನು ತಲೆ ತಗ್ಗಿಸಿ ಕೇಳಿದ, ಮರುಮಾತನಾಡದೆ ಹೋದ.

ಕಳೆದ ವಾರ ಆ ದಾರಿಯಲ್ಲಿ ಹೋಗುವಾಗ ಅವನ ಅಂಗಡಿಗೆ ಹೊಕ್ಕೆ. ಗೋಡೆಯ ಮೇಲೆ ಹೊಸದಾಗಿ ಒಂದು ಕಾಗದ ಅಂಟಿಸಿದ್ದ. ವಿಂಡೋಸ್ ಬೇಕಾದವರು ಲೈಸೆನ್ಸ್ ತರಬೇಕು, ಇಲ್ಲದವರಿಗೆ ಲಿನಕ್ಸ್ ಹಾಕಿಕೊಡಲಾಗುವುದು, ಕೂಲಿ ಮಾತ್ರ ಎಂದು ಅದರಲ್ಲಿತ್ತು. ಗಿರಾಕಿಗಳು ಹೇಗೆ ಎಂದು ಕೇಳಿದೆ. “ಕಡಿಮೆ, ಉಸ್ತಾದರೇ. ಆದರೆ ಒಂದು ಶಾಲೆಯವರು ಬಂದು ಕೇಳಿ ಹೋಗಿದ್ದಾರೆ” ಎಂದ. ಕಾಗದದಲ್ಲಿ ಎರಡು ಕಾಗುಣಿತ ತಪ್ಪುಗಳಿದ್ದವು. ಪೆನ್ನು ತೆಗೆದು ತಿದ್ದಿಕೊಟ್ಟು ಬಂದೆ.